ಮೊಲೊಕಾಯಿಯ ಸಂತ ಡೇಮಿಯನ್: ಅಗಲಿಸುವ ಕಾಯಿಲೆಯ ನಡುವೆ ಒಂದು ಪ್ರೀತಿ

ಸಂತರ ಹಬ್ಬವನ್ನು ಸಾಮಾನ್ಯವಾಗಿ ಅವರು ತೀರಿಕೊಂಡ ದಿನದಂದು ಆಚರಿಸುವುದು ಧರ್ಮಸಭೆಯ ವಾಡಿಕೆ. ಸಂತ ಡೇಮಿಯನರ ವಿಷಯದಲ್ಲಿ ಹಾಗಾಗಲಿಲ್ಲ. ಅವರು ತೀರಿಕೊಂಡದ್ದು 1889ರ ಏಪ್ರಿಲ್ 15ರಂದು. ಹಬ್ಬ ಬರುವುದು ಮೇ 10ಕ್ಕೆ. 1873ರ ಆ ದಿನ ಅವರು ಹವಾಯಿಯ ಮೊಲೊಕಾಯಿ ದ್ವೀಪದ ಕುಷ್ಠರೋಗಿಗಳ ನೆಲೆಗೆ ಕಾಲಿಟ್ಟರು. ಇದಕ್ಕೆ ಪೂಜಾವಿಧಿಯ ಕಾರಣಗಳು ಏನೇ ಇರಲಿ, ನಮಗಂತೂ ಈ ದಿನವೇ ಸರಿ ಅನಿಸುತ್ತದೆ. ಏಕೆಂದರೆ ಅವರ ಕಥೆಯಲ್ಲಿ ಸಾವಿಗಿಂತ ದೊಡ್ಡ ಸಂಗತಿ ಎಂದರೆ ಅವರು ಅಲ್ಲಿಗೆ ಹೋದದ್ದು, ಹೋಗಿ ಹಿಂದಿರುಗದೆ ಉಳಿದದ್ದು.

ಪ್ರೀತಿ ಎಂಬ ಪದ ನಮ್ಮೆಲ್ಲರ ಬಾಯಲ್ಲಿ ಒಂದೇ. ಆದರೆ ಅದು ಕೊಡುವವರಿಗೆ ಒಂದು ರೀತಿ, ಪಡೆಯುವವರಿಗೆ ಇನ್ನೊಂದು ರೀತಿ ಕಾಣುತ್ತದೆ. ಪರದೇಶದಲ್ಲಿ ಇಪ್ಪತ್ತು ವರ್ಷ ದುಡಿದು ಹಣ ಕಳುಹಿಸಿದ ತಂದೆಗೆ ಅದೇ ಪ್ರೀತಿ. ಆ ಇಪ್ಪತ್ತು ವರ್ಷ ಅಪ್ಪ ಮನೆಯಲ್ಲಿ ಇರಲಿಲ್ಲ ಎಂಬುದಷ್ಟೇ ಮಗನಿಗೆ ನೆನಪು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಫಾ| ಡೇಮಿಯನರ ಜೀವನವನ್ನು ಓದುವಾಗ ನಮಗೆ ಮತ್ತೆ ಮತ್ತೆ ಎದುರಾಗುವುದು ಇದೇ ತೊಡಕು. ಅವರನ್ನು ರೋಗಿಗಳು ಕಂಡ ಬಗೆ ಬೇರೆ, ಅವರ ಮೇಲಧಿಕಾರಿಗಳು ಕಂಡ ಬಗೆ ಬೇರೆ.

ಅವರ ಮನೆಯ ಹೆಸರು ಯೋಸೆಫ್ ಡಿ ವ್ಯೂಸ್ಟರ್. ಹುಟ್ಟಿದ್ದು 1840ರ ಜನವರಿ 3ರಂದು, ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ. ತಂದೆ ಬೇಸಾಯಗಾರ, ಧಾನ್ಯದ ವ್ಯಾಪಾರವನ್ನೂ ಮಾಡುತ್ತಿದ್ದವರು. ವ್ಯಾಪಾರವನ್ನು ಮುಂದೆ ಯೋಸೆಫನೇ ನೋಡಿಕೊಳ್ಳಲಿ ಎಂಬುದು ಅವರ ಆಸೆ. ಅದಕ್ಕಾಗಿಯೇ ಅವನನ್ನು ಫ್ರೆಂಚ್ ಭಾಷೆ ಕಲಿಯಲು ಬೇರೆ ಊರಿಗೆ ಕಳುಹಿಸಿದ್ದರು. ಆದರೆ ಆ ಮನೆಯಿಂದ ಆಗಲೇ ಮಕ್ಕಳು ಒಬ್ಬೊಬ್ಬರಾಗಿ ಸನ್ಯಾಸಕ್ಕೆ ಹೊರಟಿದ್ದರು. ಇಬ್ಬರು ಅಕ್ಕಂದಿರು ಧರ್ಮಭಗಿನಿಯರಾದರು. ಅಣ್ಣ ಆಗಸ್ಟ್, ಲ್ಯೂವೆನ್ ಪಟ್ಟಣದಲ್ಲಿ ಪವಿತ್ರ ಹೃದಯಗಳ ಸಂಸ್ಥೆಯನ್ನು ಸೇರಿ ಪ್ಯಾಂಫಿಲ್ ಎಂಬ ಹೆಸರು ಪಡೆದಿದ್ದರು. 1859ರ ಜನವರಿ 3, ಯೋಸೆಫನಿಗೆ ಹತ್ತೊಂಬತ್ತು ತುಂಬಿದ ದಿನ. ತಂದೆ ಲ್ಯೂವೆನ್‌ಗೆ ಕೆಲಸದ ಮೇಲೆ ಹೋಗುವಾಗ ಅವನನ್ನು ಅಣ್ಣನ ಬಳಿ ಬಿಟ್ಟು, ಸಂಜೆ ಕರೆದುಕೊಂಡು ಹೋಗುವುದಾಗಿ ಹೋದರು. ಸಂಜೆ ಬಂದಾಗ ಮಗ ಮನೆಗೆ ಬರಲು ಒಪ್ಪಲಿಲ್ಲ. ಮನೆಯವರಿಗೆ ಸರಿಯಾಗಿ ವಿದಾಯ ಹೇಳಲೂ ಹೋಗಲಿಲ್ಲ. ಆ ಸಂಜೆ ತಂದೆ ಒಬ್ಬರೇ ಗಾಡಿಯಲ್ಲಿ ಟ್ರೆಮೆಲೊಗೆ ಹಿಂದಿರುಗಿದ್ದನ್ನು ಸಂತರ ಚರಿತ್ರೆಗಳು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತವೆ. ನಾವು ಸ್ವಲ್ಪ ಹೊತ್ತು ಅಲ್ಲೇ ನಿಂತೆವು.

ಹವಾಯಿಗೆ ಹೋಗಬೇಕಾಗಿದ್ದವರು ನಿಜವಾಗಿ ಅಣ್ಣ ಪ್ಯಾಂಫಿಲ್. 1863ರಲ್ಲಿ ಅವರು ಕಾಯಿಲೆ ಬಿದ್ದರು. ಇನ್ನೂ ಗುರುದೀಕ್ಷೆಯೇ ಆಗಿರದ ತಮ್ಮ, ಸ್ಥಳೀಯ ಸುಪೀರಿಯರರನ್ನು ದಾಟಿ ನೇರವಾಗಿ ಪ್ಯಾರಿಸಿನಲ್ಲಿದ್ದ ಮಹಾ ಸುಪೀರಿಯರರಿಗೆ ಪತ್ರ ಬರೆದು ಅಣ್ಣನ ಸ್ಥಾನವನ್ನು ಕೇಳಿ ಪಡೆದ. ಹೊರಡುವ ಮೊದಲು ಮರಿಯಮ್ಮನವರ ಪುಣ್ಯಕ್ಷೇತ್ರವೊಂದರಲ್ಲಿ ತಾಯಿಯನ್ನು ಕಂಡ. ಅದೇ ಕಡೆಯ ಭೇಟಿ. ಹಡಗು ಸುಮಾರು ಐದು ತಿಂಗಳ ಪ್ರಯಾಣದ ನಂತರ, 1864ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ ಹೊನೊಲುಲು ತಲುಪಿತು. ಅದೇ ವರ್ಷ ಮೇ 21ರಂದು ಗುರುದೀಕ್ಷೆಯಾಯಿತು. ಮುಂದಿನ ಒಂಬತ್ತು ವರ್ಷ ಅವರು ಹವಾಯಿ ದ್ವೀಪದ ಹಳ್ಳಿಗಳಲ್ಲಿ ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ತಿರುಗಿದರು, ತಮ್ಮ ಕೈಯಾರೆ ಇಗರ್ಜಿಗಳನ್ನು ಕಟ್ಟಿದರು, ಅಲ್ಲಿನ ಭಾಷೆ ಕಲಿತರು. ಜನ ಅವರನ್ನು ಕಾಮಿಯಾನೊ ಎಂದು ಕರೆದರು.

ಇಲ್ಲಿ ಆ ಕಾಯಿಲೆಯ ಬಗ್ಗೆ ಹೇಳಬೇಕು. ಹೊರಗಿನಿಂದ ಬಂದ ಕುಷ್ಠರೋಗ ಹವಾಯಿಯಲ್ಲಿ ವೇಗವಾಗಿ ಹಬ್ಬುತ್ತಿತ್ತು. ಐದನೆಯ ಕಮೆಹಮೆಹ ರಾಜನ ಸರಕಾರ 1865ರಲ್ಲಿ ಕಾನೂನು ಮಾಡಿ, ರೋಗಿಗಳನ್ನು ಹಿಡಿದು ಮೊಲೊಕಾಯಿಯ ಕಲವಾವೊ ಎಂಬಲ್ಲಿಗೆ ಸಾಗಿಸತೊಡಗಿತು. ಮೊದಲ ತಂಡ ಹೋದದ್ದು 1866ರ ಜನವರಿಯಲ್ಲಿ. ಮೂರು ಕಡೆ ಸಮುದ್ರ, ಒಂದು ಕಡೆ ಗೋಡೆಯಂತೆ ನಿಂತ ಬೆಟ್ಟ. ಸೆರೆಮನೆಗೆ ಗೋಡೆ ಕಟ್ಟುವ ಅಗತ್ಯವೇ ಇರಲಿಲ್ಲ. ಹವಾಯಿಯ ಜನ ಈ ಕಾಯಿಲೆಗೆ ಇಟ್ಟ ಹೆಸರುಗಳಲ್ಲಿ ಒಂದರ ಅರ್ಥ ಅಗಲಿಸುವ ಕಾಯಿಲೆ ಎಂದು. ಚರ್ಮ ಕೆಡುವುದಕ್ಕಾಗಲಿ ಬೆರಳು ಸವೆಯುವುದಕ್ಕಾಗಲಿ ಅವರು ಅಷ್ಟು ಹೆದರಲಿಲ್ಲ; ಮನೆಯವರಿಂದ ಬೇರೆ ಮಾಡುತ್ತಾರಲ್ಲ, ಅದಕ್ಕೆ ಹೆದರಿದರು. ರೋಗಿಯ ಜೊತೆ ಒಂದೇ ಪಾತ್ರೆಯಲ್ಲಿ ಉಂಡರು, ಒಂದೇ ಚಾಪೆಯಲ್ಲಿ ಮಲಗಿದರು, ಅಧಿಕಾರಿಗಳು ಬಂದರೆ ರೋಗಿಯನ್ನು ಕಾಡಿನಲ್ಲಿ ಅಡಗಿಸಿದರು. ಬಿಳಿಯರಿಗೆ ಇದು ತಿಳಿಗೇಡಿತನವಾಗಿ ಕಂಡಿತು. ರೋಗಿಯನ್ನು ದೂರ ಇಟ್ಟು ಉಳಿದವರನ್ನು ಕಾಪಾಡುವುದೇ ಅವರ ಪಾಲಿಗೆ ಕರುಣೆ. ಹವಾಯಿಯವರ ಪಾಲಿಗೆ ಬಿಟ್ಟುಬಿಡುವುದು ಎಂಬುದೇ ಪಾಪ.

ಹೀಗೆ ಬಿಡಲೊಪ್ಪದವರು ಕೆಲವರು ರೋಗಿಗಳ ಜೊತೆಗೇ ದೋಣಿ ಹತ್ತಿ ಮೊಲೊಕಾಯಿಗೆ ಹೋದರು. ಅವರನ್ನು ಕೊಕುವ ಎಂದು ಕರೆಯುತ್ತಿದ್ದರು, ಸಹಾಯಕ್ಕೆ ನಿಲ್ಲುವವರು ಎಂದರ್ಥ. ಗಂಡನ ಜೊತೆ ಹೆಂಡತಿ, ಹೆಂಡತಿಯ ಜೊತೆ ಗಂಡ, ಮಗುವಿನ ಜೊತೆ ತಾಯಿ. ಆರೋಗ್ಯವಂತರಾಗಿ ಹೋದವರು, ಅಲ್ಲಿಯೇ ಅಡುಗೆ ಮಾಡಿ, ಹುಣ್ಣು ತೊಳೆದು, ಕೆಲವರು ಕೊನೆಗೆ ಅದೇ ಕಾಯಿಲೆಯಿಂದ ಸತ್ತರು. ಇವರ ಹೆಸರುಗಳು ಸಂತರ ಪಟ್ಟಿಯಲ್ಲಿಲ್ಲ. ಫಾ| ಡೇಮಿಯನ್ ಅಲ್ಲಿಗೆ ಹೋಗುವ ಏಳು ವರ್ಷ ಮೊದಲೇ ಅಲ್ಲಿ ಪ್ರೀತಿ ಇತ್ತು ಎಂಬುದನ್ನು ನಾವು ಮರೆಯಬಾರದು. ಇರದಿದ್ದದ್ದು ವೈದ್ಯರು, ಸೂರು, ನೀರು, ಕಾನೂನು, ಸತ್ತವರನ್ನು ಮರ್ಯಾದೆಯಿಂದ ಹೂಳುವವರು.

1873ರ ಮೇ ತಿಂಗಳ ಆರಂಭದಲ್ಲಿ ಮಾವಿ ದ್ವೀಪದಲ್ಲಿ ಹೊಸ ಇಗರ್ಜಿಯ ಪ್ರತಿಷ್ಠೆಗೆ ಗುರುಗಳು ಕೂಡಿದ್ದಾಗ ಬಿಷಪ್ ಮೇಗ್ರೆಯವರು ಈ ರೋಗಿಗಳ ಮಾತೆತ್ತಿದರು. ಯಾರನ್ನೂ ಆಜ್ಞೆ ಮಾಡಿ ಕಳುಹಿಸಲು ಅವರಿಗೆ ಮನಸ್ಸಿರಲಿಲ್ಲ. ನಾಲ್ವರು ಯುವ ಗುರುಗಳು ತಾವಾಗಿ ಮುಂದೆ ಬಂದರು. ಸರದಿಯಂತೆ ಒಬ್ಬೊಬ್ಬರು ಕೆಲವು ತಿಂಗಳು ಇರುವುದೆಂದು ಮಾತಾಯಿತು. ಮೊದಲ ಸರದಿ ಫಾ| ಡೇಮಿಯನರದು. ಎರಡನೆಯ ಸರದಿ ಬರಲೇ ಇಲ್ಲ. ಆಗ ಅವರಿಗೆ ಮೂವತ್ತಮೂರು ವರ್ಷ.

ಮೊದಲ ರಾತ್ರಿಗಳನ್ನು ಅವರು ಸಂತ ಫಿಲೊಮೆನಾ ಇಗರ್ಜಿಯ ಪಕ್ಕದ ಒಂದು ಕೇದಗೆ ಜಾತಿಯ ಮರದ ಅಡಿಯಲ್ಲಿ ಕಳೆದರು. ಅವರಿಗೆ ಅಸಹ್ಯ ಆಗಲಿಲ್ಲ ಎಂದು ಯಾರೂ ತಿಳಿಯಬಾರದು. ಗುಡಿಸಲುಗಳ ಒಳಗಿನ ವಾಸನೆ ತಡೆಯಲಾರದೆ ಉಸಿರು ಎಳೆದುಕೊಳ್ಳಲು ಹೊರಗೆ ಓಡಿದ್ದುಂಟು. ಆ ವಾಸನೆ ಬಟ್ಟೆಗೆ ಅಂಟದಿರಲೆಂದು ತಂಬಾಕಿನ ಪೈಪು ಸೇದುವ ಅಭ್ಯಾಸ ಮಾಡಿಕೊಂಡರು. ರೋಗಿಗಳನ್ನು ಮುಟ್ಟಬಾರದು, ಅವರ ಜೊತೆ ಊಟ ಮಾಡಬಾರದು ಎಂಬ ಎಚ್ಚರಿಕೆಯೂ ಅವರಿಗೆ ಸಿಕ್ಕಿತ್ತು. ಆದರೆ ಹವಾಯಿಯವರ ಊಟ ಎಂದರೆ ಪೊಯಿ. ಕೆಸುವಿನ ಗಡ್ಡೆಯನ್ನು ಬೇಯಿಸಿ ಅರೆದು ಮಾಡುವ ಈ ಅಂಟು ಆಹಾರವನ್ನು ಎಲ್ಲರೂ ಸುತ್ತ ಕೂತು ಒಂದೇ ಪಾತ್ರೆಯಿಂದ ಬೆರಳಲ್ಲಿ ಎತ್ತಿ ತಿನ್ನುತ್ತಾರೆ. ಕರೆದಾಗ ಕೂರದಿದ್ದರೆ ಆ ಮನೆಯವರನ್ನು ತಳ್ಳಿದಂತೆ. ಫಾ| ಡೇಮಿಯನ್ ಕೂತರು. ತಮ್ಮ ಪೈಪನ್ನೂ ಅವರಿಗೆ ಕೊಟ್ಟು ಸೇದಿದರು. ಹುಣ್ಣು ತೊಳೆದರು, ಬಟ್ಟೆ ಕಟ್ಟಿದರು. ಔಷಧಿಯನ್ನು ದೂರದಲ್ಲಿಟ್ಟು ಹೋಗುವ ವೈದ್ಯರನ್ನು ಕಂಡಿದ್ದ ಜನಕ್ಕೆ ಇದು ಏನೆಂದು ವಿವರಿಸಿ ಹೇಳಬೇಕಾಗಿರಲಿಲ್ಲ. ಅವರು ಯಾವುದನ್ನು ಪ್ರೀತಿ ಎಂದು ತಿಳಿದಿದ್ದರೋ ಅದೇ ರೂಪದಲ್ಲಿ ಅದು ಬಂದಿತ್ತು.

ತಾನೂ ಕುಷ್ಠರೋಗಿ ಎಂದು ಅವರು ಕಾಯಿಲೆ ಬಂದ ಮೇಲೆ ಒಂದು ಪ್ರಸಂಗದಲ್ಲಿ ಮೊದಲ ಬಾರಿಗೆ ಹೇಳಿದರು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಕೇಳಲು ಚೆನ್ನಾಗಿದೆ, ಆದರೆ ವಾಸ್ತವ ಅದಕ್ಕಿಂತ ಗಟ್ಟಿಯಾದದ್ದು. ದ್ವೀಪಕ್ಕೆ ಹೋದ ಆರು ತಿಂಗಳಲ್ಲೇ, 1873ರ ನವೆಂಬರಿನಲ್ಲಿ ಅಣ್ಣನಿಗೆ ಬರೆದ ಪತ್ರದಲ್ಲಿ, ಪ್ರಸಂಗ ಮಾಡುವಾಗ ತನ್ನನ್ನೂ ಕುಷ್ಠರೋಗಿಗಳ ಜೊತೆಗೇ ಸೇರಿಸಿ ಹೇಳುವುದಾಗಿ ಅವರು ತಿಳಿಸಿದ್ದರು. ಆಗ ಅವರ ಮೈಯಲ್ಲಿ ಕಾಯಿಲೆಯ ಗುರುತೂ ಇರಲಿಲ್ಲ. ಅದೇ ವರ್ಷ, ಅಲ್ಲಿಂದ ಸಾವಿರಾರು ಮೈಲು ದೂರದ ನಾರ್ವೆಯಲ್ಲಿ ಹ್ಯಾನ್ಸೆನ್ ಎಂಬ ವೈದ್ಯರು ಈ ರೋಗದ ಸೂಕ್ಷ್ಮಾಣುವನ್ನು ಗುರುತಿಸಿದ್ದರು. ಮದ್ದು ಸಿಗಲು ಇನ್ನೂ ಸುಮಾರು ಎಪ್ಪತ್ತು ವರ್ಷ ಬೇಕಾಯಿತು.

ಮುಂದಿನ ಹದಿನಾರು ವರ್ಷಗಳ ಕೆಲಸದ ಪಟ್ಟಿ ದೊಡ್ಡದು. 1874ರ ಬಿರುಗಾಳಿಗೆ ಗುಡಿಸಲುಗಳು ನೆಲಕಚ್ಚಿದ ಮೇಲೆ ಮರದ ಮನೆಗಳನ್ನು ಕಟ್ಟಿದರು. ಕೊಳವೆಗಳನ್ನು ಜೋಡಿಸಿ ಕುಡಿಯುವ ನೀರು ತಂದರು. ಅನಾಥ ಮಕ್ಕಳಿಗೆ ವಸತಿ, ಹಾಡುವವರ ತಂಡ, ವಾದ್ಯದ ತಂಡ ಎಲ್ಲವನ್ನೂ ಮಾಡಿದರು. ನೂರಾರು ಶವಪೆಟ್ಟಿಗೆಗಳನ್ನು ಸ್ವತಃ ಮಾಡಿದರು, ಗುಂಡಿ ತೋಡಿದರು. ಕಳ್ಳಭಟ್ಟಿ ಇಳಿಸುವವರನ್ನು ಕೋಲು ಹಿಡಿದು ಓಡಿಸಿದರು. ಹೌದು, ಅವರು ಸೌಮ್ಯ ಸ್ವಭಾವದವರಲ್ಲ. ಬೇಗ ಕೋಪ ಬರುತ್ತಿತ್ತು, ಹಿಡಿದ ಹಟ ಬಿಡುತ್ತಿರಲಿಲ್ಲ. ಸಹಾಯಕ್ಕೆಂದು ಬಂದ ಇಬ್ಬರು ಗುರುಗಳ ಜೊತೆಯೂ ಅವರಿಗೆ ಹೊಂದಾಣಿಕೆ ಆಗಲಿಲ್ಲ. ತಪ್ಪು ಯಾರದು ಎಂದು ಈಗ ತೂಗುವುದು ಕಷ್ಟ. ಎರಡೂ ಕಡೆ ಇತ್ತು ಎಂದೇ ನಮ್ಮ ಅಭಿಪ್ರಾಯ.

ಅವರನ್ನು ನಿಜವಾಗಿ ಕಾಡಿದ್ದು ಒಂಟಿತನ. ಹೋದ ಸ್ವಲ್ಪ ದಿನದಲ್ಲೇ ಆರೋಗ್ಯ ಮಂಡಳಿ ಅವರು ದ್ವೀಪ ಬಿಟ್ಟು ಬರಬಾರದೆಂದು ಆಜ್ಞೆ ಮಾಡಿತು. ಒಮ್ಮೆ ಅವರ ಸುಪೀರಿಯರ್ ಹಡಗಿನಲ್ಲಿ ಬಂದಾಗ ಕ್ಯಾಪ್ಟನ್ ಇಳಿಯಲು ಬಿಡಲಿಲ್ಲ. ಫಾ| ಡೇಮಿಯನ್ ಚಿಕ್ಕ ದೋಣಿಯಲ್ಲಿ ಹಡಗಿನ ಬಳಿ ಹೋಗಿ, ಮೇಲೆ ನಿಂತ ಗುರುವಿಗೆ ಕೆಳಗಿನಿಂದ ಕೂಗಿ ಫ್ರೆಂಚ್ ಭಾಷೆಯಲ್ಲಿ ಪಾಪನಿವೇದನೆ ಮಾಡಿದರು. ಸುತ್ತ ಜನ ನಿಂತಿದ್ದರು. ಆ ನಿರ್ಬಂಧ ಆಮೇಲೆ ಸಡಿಲವಾಯಿತು. ಆದರೆ ಪಾಪನಿವೇದನೆ ಕೇಳಲು ಒಬ್ಬ ಗುರುವನ್ನು ಕೊಡಿ ಎಂಬ ಬೇಡಿಕೆ ಅವರ ಪತ್ರಗಳಲ್ಲಿ ಕೊನೆಯ ವರ್ಷಗಳವರೆಗೂ ನಿಲ್ಲಲಿಲ್ಲ. ನೂರಾರು ಜನಕ್ಕೆ ಪ್ರೀತಿ ಕೊಡುತ್ತಿದ್ದ ಮನುಷ್ಯ ತನ್ನವರಿಂದ ಅದು ಬರುತ್ತಿಲ್ಲ ಎಂದು ಕೊರಗುತ್ತಿದ್ದರು. ಸ್ವರ್ಗಕ್ಕೆ ತಾನು ಅರ್ಹನಲ್ಲ ಎಂಬ ಸಂಶಯವೂ ಅವರನ್ನು ಹಿಂಡಿತು.

ಹೊನೊಲುಲುವಿನ ಮೇಲಧಿಕಾರಿಗಳ ನೋಟ ಬೇರೆಯೇ ಇತ್ತು. ಅವರ ಕೈಯಲ್ಲಿ ಇಡೀ ಮಿಶನ್ ಇತ್ತು, ಗುರುಗಳ ಕೊರತೆ ಇತ್ತು, ಸರಕಾರದ ಜೊತೆ ಚೆನ್ನಾಗಿ ಇರಬೇಕಿತ್ತು. ಡೇಮಿಯನರ ಹೆಸರು ಯುರೋಪಿನ ಪತ್ರಿಕೆಗಳಲ್ಲಿ ಬಂದು, 1886ರಲ್ಲಿ ಲಂಡನಿನ ಆಂಗ್ಲಿಕನ್ ಪಾದ್ರಿ ಹ್ಯೂ ಚ್ಯಾಪ್ಮನ್ ದೊಡ್ಡ ಮೊತ್ತ ಸಂಗ್ರಹಿಸಿ ನೇರವಾಗಿ ಅವರಿಗೆ ಕಳುಹಿಸಿದಾಗ, ಬಿಷಪರಿಗೂ ಪ್ರೊವಿನ್ಶಿಯಲರಿಗೂ ಅದು ಅವಮಾನವಾಗಿ ಕಂಡಿತು. ಸರಕಾರವೂ ಮಿಶನ್ನೂ ಏನೂ ಮಾಡುತ್ತಿಲ್ಲ ಎಂದು ಜಗತ್ತಿಗೆ ಸಾರಿದಂತಾಯಿತು ಎಂಬುದು ಅವರ ಅಸಮಾಧಾನ. ಡೇಮಿಯನ್ ಹೆಸರಿಗಾಗಿ ಹಾತೊರೆಯುತ್ತಿದ್ದಾರೆ ಎಂದೂ ಅನಿಸಿತು. ನಾವು ಡೇಮಿಯನರ ಪಕ್ಷದವರೇ. ಆದರೂ ಒಬ್ಬನ ತ್ಯಾಗದ ಪಕ್ಕದಲ್ಲಿ ದಿನನಿತ್ಯದ ಆಡಳಿತ ನಡೆಸುವವರಿಗೆ ಎಷ್ಟು ಇರಿಸುಮುರಿಸು ಆಗುತ್ತದೆ ಎಂಬುದನ್ನು, ಮನೆಯಲ್ಲಾಗಲಿ ಸಂಸ್ಥೆಯಲ್ಲಾಗಲಿ, ಕಂಡವರು ಬಲ್ಲರು.

1884ರ ಕೊನೆಯಲ್ಲಿ ಕಾದ ನೀರಿನಲ್ಲಿ ಕಾಲಿಟ್ಟಾಗ ಚರ್ಮ ಬೊಬ್ಬೆ ಎದ್ದರೂ ಅವರಿಗೆ ನೋವಾಗಲಿಲ್ಲ. ಕಾಯಿಲೆ ಬಂದಿತ್ತು. ತಾಯಿಗೆ ಇದು ತಿಳಿಯದಿರಲಿ ಎಂದು ಮುಚ್ಚಿಡಲು ನೋಡಿದರು. ಬೆಲ್ಜಿಯಂನ ಪತ್ರಿಕೆಗಳು ಉಪ್ಪು ಖಾರ ಹಚ್ಚಿ ಬರೆದವು, ಮುದುಕಿ ತಾಯಿಯ ಕಿವಿಗೂ ಬಿತ್ತು. 1886ರಲ್ಲಿ ಅವರು ತೀರಿಕೊಂಡರು.

ಅದೇ ವರ್ಷ ಜುಲೈಯಲ್ಲಿ ಚಿಕಿತ್ಸೆಗಾಗಿ ಫಾ| ಡೇಮಿಯನ್ ಹೊನೊಲುಲುವಿನ ಕಾಕಾಕೊ ಆಸ್ಪತ್ರೆಗೆ ಹೋದರು. ಅವರು ಬರುವುದು ಮಿಶನ್‌ನವರಿಗೆ ಇಷ್ಟವಿರಲಿಲ್ಲ. ಬರಮಾಡಿಕೊಂಡವರು ಮದರ್ ಮರಿಯಾನ್ ಕೋಪ್. ಅಮೆರಿಕದ ಸಿರಾಕ್ಯೂಸಿನಿಂದ 1883ರಲ್ಲಿ ಆರು ಮಂದಿ ಫ್ರಾನ್ಸಿಸ್ಕನ್ ಭಗಿನಿಯರ ಜೊತೆ ಬಂದಿದ್ದ ಮದರ್ ಮರಿಯಾನ್ ಆಸ್ಪತ್ರೆ ನಡೆಸಿ ಅನುಭವ ಇದ್ದವರು. 1888ರ ನವೆಂಬರಿನಲ್ಲಿ ಅವರೂ ಮೊಲೊಕಾಯಿಗೆ ಬಂದು ನೆಲೆಸಿದರು. ಅವರ ರೀತಿಯೇ ಬೇರೆ. ಕೈ ತೊಳೆಯುವುದು ಕಡ್ಡಾಯ, ಶುಚಿತ್ವದಲ್ಲಿ ರಾಜಿ ಇಲ್ಲ. ತಮ್ಮ ಭಗಿನಿಯರಲ್ಲಿ ಯಾರಿಗೂ ಈ ರೋಗ ತಗಲುವುದಿಲ್ಲ ಎಂಬ ಭರವಸೆಯನ್ನು ಅವರಿಗೆ ಕೊಟ್ಟಿದ್ದರು, ತಗಲಲೂ ಇಲ್ಲ. ಹುಡುಗಿಯರಿಗೆ ಬಣ್ಣದ ಬಟ್ಟೆಯ ಅಂಗಿ ಹೊಲಿದು ಕೊಟ್ಟರು, ಗಿಡ ನೆಟ್ಟರು. 1918ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಒಬ್ಬರು ಒಂದೇ ಪಾತ್ರೆಯಿಂದ ಉಂಡರು, ಇನ್ನೊಬ್ಬರು ಕೈ ತೊಳೆದರು. ಯಾರ ಪ್ರೀತಿ ದೊಡ್ಡದು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ತಬ್ಬಿಕೊಳ್ಳುವ ಕೈಯೂ ಬೇಕು, ಮೂವತ್ತು ವರ್ಷ ಆರೋಗ್ಯವಾಗಿ ಉಳಿದು ದುಡಿಯುವ ಕೈಯೂ ಬೇಕು. ಧರ್ಮಸಭೆ 2009ರ ಅಕ್ಟೋಬರ್ 11ರಂದು ಡೇಮಿಯನರನ್ನೂ 2012ರ ಅಕ್ಟೋಬರ್ 21ರಂದು ಮರಿಯಾನರನ್ನೂ ಸಂತರೆಂದು ಘೋಷಿಸಿತು.

ಇನ್ನೊಬ್ಬರ ಹೆಸರನ್ನೂ ಹೇಳಬೇಕು. ಜೋಸೆಫ್ ಡಟನ್, ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಸೈನಿಕ. ಮದುವೆ ಮುರಿದು, ಕುಡಿತಕ್ಕೆ ಬಿದ್ದು, ಅದರಿಂದ ಎದ್ದು 1883ರಲ್ಲಿ ಕಥೊಲಿಕರಾದವರು. 1886ರಲ್ಲಿ ತಮ್ಮ ಹಿಂದಿನ ಜೀವನಕ್ಕೆ ಪ್ರಾಯಶ್ಚಿತ್ತವೆಂದು ಮೊಲೊಕಾಯಿಗೆ ಬಂದರು. ಸಾಲ ತೀರಿಸಲು ಬಂದವರು ನಲವತ್ತನಾಲ್ಕು ವರ್ಷ ಕೆಲಸ ಮಾಡಿ 1931ರಲ್ಲಿ ತೀರಿಕೊಂಡರು. ಪ್ರೀತಿಯಿಂದಲೇ ಪ್ರಾಯಶ್ಚಿತ್ತವೋ, ಪ್ರಾಯಶ್ಚಿತ್ತವೇ ಪ್ರೀತಿಯಾಯಿತೋ, ಅವರಿಗೇ ಗೊತ್ತಿತ್ತೋ ಇಲ್ಲವೋ.

ಫಾ| ಡೇಮಿಯನ್ 1889ರ ಪವಿತ್ರ ವಾರದ ಸೋಮವಾರ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೊದಲ ರಾತ್ರಿ ಮಲಗಿದ್ದ ಅದೇ ಮರದ ಅಡಿಯಲ್ಲಿ ಅವರನ್ನು ಹೂಳಿದರು. ಕೆಲವೇ ತಿಂಗಳಲ್ಲಿ ಹೊನೊಲುಲುವಿನ ಪ್ರೊಟೆಸ್ಟೆಂಟ್ ಪಾದ್ರಿ ಹೈಡ್, ಡೇಮಿಯನ್ ಕೊಳಕ, ಹಟಮಾರಿ, ಹೆಂಗಸರ ವಿಷಯದಲ್ಲಿ ಶುದ್ಧನಲ್ಲ ಎಂಬರ್ಥದ ಪತ್ರ ಬರೆದರು, ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಉತ್ತರ ಕೊಟ್ಟವರು ಕಥೊಲಿಕರಲ್ಲ. ಸ್ಕಾಟ್ಲೆಂಡಿನ ಪ್ರಸಿದ್ಧ ಲೇಖಕ ರಾಬರ್ಟ್ ಲೂಯಿ ಸ್ಟೀವನ್ಸನ್. ಡೇಮಿಯನ್ ತೀರಿಕೊಂಡ ಮರುತಿಂಗಳು ಅವರು ಆ ದ್ವೀಪದಲ್ಲಿ ಎಂಟು ದಿನ ಇದ್ದು, ಡೇಮಿಯನರನ್ನು ಇಷ್ಟಪಡದವರ ಬಾಯಿಂದಲೇ ಎಲ್ಲವನ್ನೂ ಕೇಳಿದ್ದರು. 1890ರ ತಮ್ಮ ಬಹಿರಂಗ ಪತ್ರದಲ್ಲಿ ಡೇಮಿಯನರ ಒರಟುತನವನ್ನೂ ಹಟವನ್ನೂ ಒಪ್ಪಿಕೊಂಡೇ, ಸುಖವಾದ ಮನೆಯಲ್ಲಿ ಕೂತು ದೂರಿದ ಹೈಡರನ್ನು ತರಾಟೆಗೆ ತೆಗೆದುಕೊಂಡರು.

ಅದೇ 1890ರಲ್ಲಿ ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಯೇಸು ಸಭೆಯ ಫಾ| ಅಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು ಎಂಬುದು ಇಲ್ಲಿನ ಓದುಗರಿಗೆ ಗೊತ್ತಿರುವ ಸಂಗತಿ. ಈಗ ಈ ರೋಗಕ್ಕೆ ಮಾತ್ರೆಗಳಿವೆ, ಪೂರ್ತಿ ಗುಣವಾಗುತ್ತದೆ, ಹೆಚ್ಚಿನವರಿಗೆ ಅದು ಅಂಟುವುದೇ ಇಲ್ಲ ಎಂದೂ ತಿಳಿದಿದೆ. ಆದರೂ ನಮ್ಮ ದೇಶದ ವಿವಾಹ ಕಾನೂನುಗಳಲ್ಲಿ, ಕ್ರೈಸ್ತರದ್ದೂ ಸೇರಿ, ಕುಷ್ಠರೋಗ ವಿಚ್ಛೇದನಕ್ಕೆ ಕಾರಣವಾಗಿ 2019ರವರೆಗೂ ಉಳಿದಿತ್ತು. ಹವಾಯಿಯವರು ಇಟ್ಟ ಹೆಸರು ಅಷ್ಟು ಕಾಲ ಇಲ್ಲಿಯೂ ಸರಿಯಾಗಿಯೇ ಇತ್ತು.

ಅಣ್ಣ ಪ್ಯಾಂಫಿಲ್ ಕೊನೆಗೂ 1895ರಲ್ಲಿ, ತಮ್ಮ ಹೋಗಿ ಮೂವತ್ತು ವರ್ಷಗಳಾದ ಮೇಲೆ, ಮೊಲೊಕಾಯಿಗೆ ಹೋದರು. ಪುಸ್ತಕಗಳ ನಡುವೆ ಬದುಕಿದ್ದ ಅವರಿಗೆ ಆ ಜೀವನ ಒಗ್ಗಲಿಲ್ಲ. ಕೆಲಕಾಲವಿದ್ದು ಬೆಲ್ಜಿಯಂಗೆ ಹಿಂದಿರುಗಿದರು. ಅವರನ್ನು ಹೀಗಳೆಯಲು ನಮಗೆ ಮನಸ್ಸು ಬರುವುದಿಲ್ಲ. ತಮ್ಮ ಬರೆದ ಪತ್ರಗಳನ್ನು ಜೋಪಾನವಾಗಿ ಇಟ್ಟವರಲ್ಲಿ ಅವರೂ ಒಬ್ಬರು.

1936ರಲ್ಲಿ ಬೆಲ್ಜಿಯಂ ಸರಕಾರದ ಕೋರಿಕೆಯಂತೆ ಡೇಮಿಯನರ ದೇಹವನ್ನು ಸಮಾಧಿಯಿಂದ ತೆಗೆದು ಹಡಗಿನಲ್ಲಿ ಒಯ್ದರು. ಬೆಲ್ಜಿಯಂನಲ್ಲಿ ರಾಜನೇ ಬಂದು ಎದುರುಗೊಂಡ. ತಮ್ಮ ಮಗನನ್ನು ಮನೆಗೆ ತಂದೆವೆಂದು ಅಲ್ಲಿ ಸಂತೋಷ, ತಮ್ಮ ಕಾಮಿಯಾನೊನನ್ನು ಒಯ್ದರೆಂದು ಇಲ್ಲಿ ರೋಗಿಗಳ ಕಣ್ಣೀರು. ಐವತ್ತೊಂಬತ್ತು ವರ್ಷಗಳ ನಂತರ, 1995ರ ಜೂನ್ 4ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಬ್ರಸೆಲ್ಸಿನಲ್ಲಿ ಅವರನ್ನು ಪುನೀತರೆಂದು ಘೋಷಿಸಿದಾಗ, ಅವರ ಬಲಗೈಯನ್ನು ಹವಾಯಿಯವರಿಗೆ ಹಿಂದಿರುಗಿಸಲಾಯಿತು. ಅದನ್ನು ಕಲವಾವೊದ ಹಳೆಯ ಸಮಾಧಿಯಲ್ಲಿ ಇಟ್ಟಿದ್ದಾರೆ. ಉಳಿದ ದೇಹ ಲ್ಯೂವೆನ್‌ನಲ್ಲಿದೆ.